ಚಙಾಯಿಯ ಜೊತೆ ಕಲ್ಲಿಕೋಟೆಯಲ್ಲಿ ಎರಡು ದಿನ

ನಮ್ಮವರಿಗೆ ಕಲ್ಲಿಕೋಟೆ ಹೊಸ ಊರಲ್ಲ. ಆಸ್ಪತ್ರೆಗೆ ಹೋಗುತ್ತೇವೆ, ಮದುವೆಗೆ ಹೋಗುತ್ತೇವೆ, ಮಕ್ಕಳನ್ನು ಕಾಲೇಜಿಗೆ ಬಿಡಲಿಕ್ಕೆ ಹೋಗುತ್ತೇವೆ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ಗಲ್ಫ್‌ಗೆ ಹೊರಟ ಎಷ್ಟೋ ಮಂದಿ ಕರಿಪ್ಪೂರಿನಲ್ಲಿ ಪೆಟ್ಟಿಗೆ ತೂಗಿಸಿದವರೇ. ಇಷ್ಟೆಲ್ಲ ಹೋಗಿ ಬಂದರೂ ಕಲ್ಲಿಕೋಟೆಯನ್ನು ನೋಡಿದ್ದೀರಾ ಎಂದು ಕೇಳಿದರೆ ಹೆಚ್ಚಿನವರು "ಹಲ್ವ ತಂದಿದ್ದೇವಲ್ಲಾ" ಎನ್ನುತ್ತಾರೆ.

ನಾವು ಈ ಸಲ ಹೋದದ್ದು ನೋಡಲಿಕ್ಕೆಂದೇ. ಜೊತೆಗಿದ್ದದ್ದು ನಲವತ್ತೈದು ವರ್ಷದ ಚಙಾಯಿ. ಶಾಲೆಯಲ್ಲಿ ಒಂದೇ ಬೆಂಚು, ಮದ್ರಸದಲ್ಲಿ ಒಂದೇ ಚಾಪೆ. ಎಸೆಸೆಲ್ಸಿ ಮುಗಿದು ಕೆಲವು ವರ್ಷದಲ್ಲಿ ಅವನು ಸೌದಿಗೆ ಹೋದ, ನಾವು ಇಲ್ಲೇ ಉಳಿದೆವು. ದಮ್ಮಾಮಿನಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ಊರಿಗೆ ಬಂದಿದ್ದಾನೆ. ಹೆಸರು ಹಾಕುವುದು ಬೇಡ ಎಂದು ಅವನೇ ಹೇಳಿದ್ದಾನೆ. ಯಾಕೆಂದು ಓದಿದರೆ ಗೊತ್ತಾಗುತ್ತದೆ.

ಮಂಗಳೂರಿನ ಬಂದರಿನ ಒಂದು ಓಣಿಯಲ್ಲಿ ಅವನ ಉಮ್ಮನ ಮನೆ ಉಂಟು. ಹೆಂಚಿನ ಮಾಡು, ಮರದ ಉಪ್ಪರಿಗೆ, ಹಿಂದೆ ಬಾವಿ. ಉಮ್ಮ ತೀರಿಹೋಗಿ ಆರು ವರ್ಷ ಆಯಿತು. ಮಕ್ಕಳು ಐವರು: ಗಂಡು ನಾಲ್ಕು, ಹೆಣ್ಣು ಒಂದು. ಎಲ್ಲರಿಗೂ ಹಿರಿಯವರು ಆ ಅಕ್ಕ. ತಮ್ಮಂದಿರ ಬಾಯಲ್ಲಿ ತಾತ. ಗಂಡ ತೀರಿದ ಮೇಲೆ ಅವರು ಅದೇ ಮನೆಯಲ್ಲಿದ್ದಾರೆ. ತಮ್ಮಂದಿರು ಒಬ್ಬ ಬಿಲ್ಡರ್ ಹತ್ತಿರ ಮಾತು ಮುಗಿಸಿದ್ದಾರೆ. ಮೂವರ ಸಹಿ ಬಿದ್ದಾಗಿದೆ. ನಮ್ಮ ಚಙಾಯಿಯ ಸಹಿ ಬಾಕಿ. ತಾತನದ್ದೂ ಬಾಕಿಯೇ, ಆದರೆ ಅದನ್ನು ಯಾರೂ ಬಾಕಿ ಎಂದು ಎಣಿಸಿರಲಿಲ್ಲ. "ತಾತ ನಾವು ಹೇಳಿದಲ್ಲಿ ಹಾಕ್ತಾರೆ" ಎಂಬುದು ತಮ್ಮಂದಿರ ಲೆಕ್ಕ.

"ತಲೆ ಓಡ್ತಾ ಇಲ್ಲ ಮಾರಾಯ. ಎರಡು ದಿನ ಎಲ್ಲಿಗಾದ್ರೂ ಹೋಗಿ ಬರುವ" ಎಂದ. ಎರಡೂ ಮನೆಯ ಹೆಂಗಸರು ನಕ್ಕರು. ಈ ಪ್ರಾಯದಲ್ಲಿ ಇಬ್ಬರೇ ಟೂರ್!

ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ರೈಲು ಹತ್ತಿದರೆ 220 ಕಿ.ಮೀ.ನಷ್ಟು ದೂರ, ನಾಲ್ಕು ಗಂಟೆಯ ದಾರಿ. ಬಲಬದಿಯ ಕಿಟಕಿ ಹಿಡಿದುಕೊಳ್ಳಿ, ಅಲ್ಲಲ್ಲಿ ಕಡಲು ಕಾಣುತ್ತದೆ. ನೇತ್ರಾವತಿ, ಚಂದ್ರಗಿರಿ, ವಳಪಟ್ಟಣಂ ಹೊಳೆಗಳು ಒಂದೊಂದಾಗಿ ಹಿಂದೆ ಸರಿದ ಹಾಗೆ ಡಬ್ಬಿಯೊಳಗಿನ ಮಾತೂ ಬದಲಾಗುತ್ತದೆ. ಉಳ್ಳಾಲದಲ್ಲಿ ಹತ್ತಿದ ಹೆಂಗಸು ಮಗುವನ್ನು "ಬಾ" ಎಂದು ಕರೆದರು. ಕಣ್ಣೂರಿನಲ್ಲಿ ಹತ್ತಿದವರು "ವಾ" ಎಂದರು. ನಮ್ಮ ಬ್ಯಾರಿಯ 'ಬ' ಅಲ್ಲಿಯ 'ವ'. ಉಳಿದದ್ದು ಅರ್ಥ ಆಗದೇ ಇರುವಂಥದ್ದೇನೂ ಅಲ್ಲ. ಚಙಾಯಿ ದಮ್ಮಾಮಿನಲ್ಲಿ ಮಲಯಾಳಿಗಳ ಜೊತೆ ಇದ್ದು ಇದ್ದು ಎರಡನ್ನೂ ಬೆರೆಸಿ ಮಾತಾಡುತ್ತಾನೆ. ಟೀ ಮಾರುವವನಿಗೆ ಇವನು ಯಾವ ಊರಿನವನೆಂದು ಕೊನೆವರೆಗೂ ಗೊತ್ತಾಗಲಿಲ್ಲ.

ಕಲ್ಲಿಕೋಟೆಯ ಹೆಸರು ಕೇಳಿದರೆ ದೊಡ್ಡ ಹಾರ್ಬರ್, ಹಡಗಿನ ಸಾಲು ಎಂದು ಕೆಲವರು ಎಣಿಸುತ್ತಾರೆ. ಅಲ್ಲಿ ಈಗ ಹಾಗೇನೂ ಇಲ್ಲ. ಇರಲೂ ಇಲ್ಲ ಎನ್ನಬಹುದು. ಊರಿನ ಎದುರಿಗೆ ಇರುವುದು ತೆರೆದ ಕಡಲು. ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು, ಸಾಮಾನು ಸಣ್ಣ ದೋಣಿಗಳಲ್ಲಿ ದಡಕ್ಕೆ ಬರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಕಡಲಿನೊಳಗೆ ಉದ್ದಕ್ಕೆ ಕಬ್ಬಿಣದ ಸೇತುವೆ ಹಾಕಿದರು. ಅದರ ತುಕ್ಕು ಹಿಡಿದ ಕಂಬಗಳು ಬೀಚಿನಲ್ಲಿ ಇನ್ನೂ ನಿಂತಿವೆ, ಮೇಲೆ ಕಾಗೆಗಳು ಕೂತಿರುತ್ತವೆ. ಮಕ್ಕಳು ಅದರ ಎದುರು ನಿಂತು ಫೋಟೋ ತೆಗೆಯುತ್ತಾರೆ.

ಒಳ್ಳೆಯ ಬಂದರೇ ಇಲ್ಲದ ಈ ದಡಕ್ಕೆ ಅರಬರು, ಗುಜರಾತಿಗಳು, ಚೀನಿಯರು ಯಾಕೆ ಬಂದರು? ಕರಿಮೆಣಸು, ಶುಂಠಿ ಒಂದು ಕಾರಣ. ಇನ್ನೊಂದು ಕಾರಣ ಸಾಮೂದಿರಿ ಅರಸರು. ವ್ಯಾಪಾರಿಗಳ ಮಾಲಿಗೆ ಇಲ್ಲಿ ರಕ್ಷಣೆ ಇತ್ತು, ಅವರವರ ಧರ್ಮಕ್ಕೆ ಜಾಗ ಇತ್ತು. ಇಬ್ನ್ ಬತೂತ 1342ರ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ತಿರುಗಿದವರು. ನಮ್ಮ ಮಂಗಳೂರನ್ನು ಮಂಜರೂರ್ ಎಂದು ಕರೆದು, ಅಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದಾರೆ ಎಂದು ಬರೆದರು. ಅಲ್ಲಿಂದ ಕಲ್ಲಿಕೋಟೆಗೆ ಬಂದಾಗ 13 ಚೀನೀ ಹಡಗುಗಳು ನಿಂತದ್ದನ್ನು ಕಂಡರು. ಅವರ ಕಥೆಯಲ್ಲಿ ನಮಗೆ ಇಷ್ಟವಾಗುವ ಭಾಗ ಬೇರೆ ಉಂಟು. ದೆಹಲಿ ಸುಲ್ತಾನನ ಉಡುಗೊರೆ ಹೊತ್ತು ಚೀನಾಕ್ಕೆ ಹೊರಡಬೇಕಾಗಿತ್ತು. ಸಾಮಾನೆಲ್ಲ ಹಡಗಿಗೆ ಏರಿತ್ತು. ಜುಮಾ ನಮಾಝ್‌ಗೆಂದು ಇವರು ದಡದಲ್ಲೇ ಉಳಿದರು. ರಾತ್ರಿ ಗಾಳಿ ಎದ್ದು ಉಡುಗೊರೆಯ ಹಡಗು ದಡಕ್ಕೆ ಬಡಿದು ಒಡೆಯಿತು, ಇವರ ಸಾಮಾನಿದ್ದ ಹಡಗು ಇವರನ್ನು ಬಿಟ್ಟು ಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರು ಮತ್ತು ನಮಾಝಿನ ಚಾಪೆ.

"ಇದನ್ನು ಮೊದಲೇ ಹೇಳಿದ್ರೆ ದಮ್ಮಾಮಿನಲ್ಲಿ ನಾನು ಒಂದು ಜುಮಾ ಕೂಡ ಬಿಡ್ತಿರ್ಲಿಲ್ಲ" ಎಂದ ಚಙಾಯಿ.

ಮಧ್ಯಾಹ್ನ ಬಿರಿಯಾನಿ ತಿಂದು ವಲಿಯಂಗಾಡಿಗೆ ಹೋದೆವು. ಅಕ್ಕಿ, ಕೊಪ್ಪರ, ಒಣಮೆಣಸಿನ ಸಗಟು ಪೇಟೆ. ಎರಡು ಲಾರಿ ಎದುರುಬದುರಾದರೆ ಯಾರೂ ಹಿಂದೆ ಹೋಗಲಾರದಷ್ಟು ಸಪೂರ ರಸ್ತೆ, ತಲೆಗೆ ಬಟ್ಟೆ ಸುತ್ತಿದ ಕೂಲಿಗಳು, ಗೋಣಿಯ ಧೂಳು. ಚಙಾಯಿ ಒಂದು ಅಂಗಡಿಯ ಎದುರು ನಿಂತುಬಿಟ್ಟ. ಅವನ ಅಜ್ಜನಿಗೆ ಬಂದರಿನಲ್ಲಿ ಒಣಮೀನು, ಮೆಣಸಿನ ವ್ಯಾಪಾರ ಇತ್ತು. "ಕಣ್ಣು ಕಟ್ಟಿ ತಂದು ಇಲ್ಲಿ ಬಿಟ್ರೆ ಬಂದರು ಅಂತಲೇ ಹೇಳ್ತೇನೆ" ಎಂದ. ಹೌದು, ವಾಸನೆ ಅದೇ. ಎರಡೂ ಊರಿನ ಹಣೆಬರಹವೂ ಹೆಚ್ಚುಕಡಿಮೆ ಒಂದೇ. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗಿನ ವ್ಯಾಪಾರ ಆ ಕಡೆ ಹೋಯಿತು; ಇಲ್ಲಿ ಕೊಚ್ಚಿ ನುಂಗಿತು. ಆದರೆ ಕಲ್ಲಿಕೋಟೆಯವರು ಹಳೆ ಪೇಟೆಯನ್ನು ಹಳೆ ಪೇಟೆಯಾಗಿಯೇ ಓಡಿಸುತ್ತಿದ್ದಾರೆ. ನಮ್ಮ ಬಂದರಿನಲ್ಲಿ ವರ್ಷಕ್ಕೆ ಒಂದೊಂದು ಹೆಂಚಿನ ಮಾಡು ಕಮ್ಮಿಯಾಗುವುದನ್ನು ನಾವು ದಿನಾ ನೋಡುತ್ತೇವೆ, ಹಾಗಾಗಿ ನೋಡುವುದೇ ಇಲ್ಲ.

ಅಸರ್ ಹೊತ್ತಿಗೆ ಕುಟ್ಟಿಚ್ಚಿರ ಮುಟ್ಟಿದೆವು. ನೀವು ಕಲ್ಲಿಕೋಟೆಯಲ್ಲಿ ಒಂದೇ ಒಂದು ಜಾಗ ನೋಡುವುದಿದ್ದರೆ ಇದನ್ನು ನೋಡಿ. ನಡುವೆ ದೊಡ್ಡ ಚೌಕ ಕೊಳ. ಸುತ್ತ ಹಳೆಯ ಪಳ್ಳಿಗಳು ಮತ್ತು ಮನೆಗಳು. ಕೊಳದ ಬದಿಯಲ್ಲಿ ಪ್ರಾಯದವರು ಸಾಲಾಗಿ ಕೂತು ಮಾತಾಡುತ್ತಾರೆ. ಅದರ ಒಂದು ಬದಿಗೆ ಮಿಶ್ಕಾಲ್ ಪಳ್ಳಿ. ಮೊದಲ ನೋಟಕ್ಕೆ ಪಳ್ಳಿ ಎಂದು ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಗುಂಬಜ್ ಇಲ್ಲ, ಮಿನಾರ ಇಲ್ಲ. ಒಂದರ ಮೇಲೊಂದು ಇಳಿಜಾರು ಮಾಡು, ಮರದ ಜಾಲರಿ, ನೀಲಿ ಬಣ್ಣ. ಬಂದರಿನ ನಮ್ಮ ಝೀನತ್ ಬಕ್ಷ್ ಜುಮಾ ಮಸೀದಿಯ, ಹಳಬರ ಬೆಳಿಯ ಪಳ್ಳಿಯ, ಒಳಗಿನ ಕೆತ್ತನೆಯ ಮರದ ಕಂಬಗಳನ್ನು ಕಂಡವರಿಗೆ ಮಾತ್ರ ಇದು ನಮ್ಮದೇ ಸಂಬಂಧಿಕರ ಮನೆ ಎಂದು ತಟ್ಟನೆ ಅನಿಸುತ್ತದೆ.

ಕಟ್ಟಿಸಿದವರು ನಾಖುದಾ ಮಿಶ್ಕಾಲ್, ಹಡಗುಗಳ ಒಡೆಯ, 14ನೇ ಶತಮಾನದವರು. ಇಬ್ನ್ ಬತೂತ ಕೂಡ ಈ ಸಿರಿವಂತನ ಹೆಸರು ಹೇಳುತ್ತಾರೆ. ಒಳಗೆ ಕೆತ್ತನೆಯ 24 ಕಂಬ, ಸುತ್ತ 47 ಬಾಗಿಲು ಎಂದು ಲೆಕ್ಕ. ನಾವು ಎಣಿಸಲಿಲ್ಲ, ಚಙಾಯಿ ಎಣಿಸಲು ಹೊರಟು ಮೂವತ್ತರ ಹತ್ತಿರ ಲೆಕ್ಕ ತಪ್ಪಿಸಿಕೊಂಡ. ಫ್ಯಾನ್ ಇಲ್ಲದೆಯೂ ಗಾಳಿ ಒಳಗೆ ಓಡಾಡುತ್ತದೆ. ಕಾಲಡಿಯ ನೆಲ ತಂಪು.

ಈ ಪಳ್ಳಿಗೆ ಒಮ್ಮೆ ಬೆಂಕಿ ಬಿದ್ದಿತ್ತು. 1510ರ ಜನವರಿ 3ರಂದು ಅಲ್ಬುಕರ್ಕ್‌ನ ಪೋರ್ಚುಗೀಸ್ ಪಡೆ ಕಲ್ಲಿಕೋಟೆಗೆ ನುಗ್ಗಿ ಪಳ್ಳಿಯನ್ನು ಸುಟ್ಟಿತು. ಆ ದಿನ ಅವರಿಗೂ ಸುಲಭವಾಗಲಿಲ್ಲ. ಸಾಮೂದಿರಿಯ ನಾಯರ್ ಸೈನಿಕರೂ ಮಾಪಿಳ್ಳರೂ ಸೇರಿ ಹೊಡೆದಟ್ಟಿದರು. ಪೋರ್ಚುಗೀಸರ ಮಾರ್ಷಲ್ ಕುಟಿನ್ಹೊ ಸತ್ತ, ಅಲ್ಬುಕರ್ಕ್ ಗಾಯಗೊಂಡು ಹಡಗು ಹತ್ತಿದ. ಅದೇ ವರ್ಷ ಅವನು ಹೋಗಿ ಗೋವಾ ಹಿಡಿದ. ಇಪ್ಪತ್ತೊಂದು ವರ್ಷದ ನಂತರ, 1531ರಲ್ಲಿ, ಪೋರ್ಚುಗೀಸರು ಕಲ್ಲಿಕೋಟೆಯ ದಕ್ಷಿಣಕ್ಕೆ ಚಾಲಿಯಂನಲ್ಲಿ ಕೋಟೆ ಕಟ್ಟಿದರು. 1571ರಲ್ಲಿ ಸಾಮೂದಿರಿಯ ಪಡೆ ಆ ಕೋಟೆಯನ್ನು ಹಿಡಿದು ಬುಡಸಹಿತ ಕೆಡವಿತು. ಆ ಕೋಟೆಯ ಮರಮಟ್ಟನ್ನೇ ತಂದು ಸುಟ್ಟ ಪಳ್ಳಿಯನ್ನು ಎಬ್ಬಿಸಿದರು ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಹಿಂದೂ ಅರಸ ಗೆದ್ದು ತಂದ ಮರ, ಪಳ್ಳಿಯ ಮಾಡಿಗೆ. ಹತ್ತಿರದ ಮುಚ್ಚುಂದಿ ಪಳ್ಳಿಯಲ್ಲಿ ಇದಕ್ಕಿಂತ ಹಳೆಯ ಸಾಕ್ಷಿ ಉಂಟು. 13ನೇ ಶತಮಾನದ ಒಂದು ಕಲ್ಲು, ಒಂದೇ ಕಲ್ಲಿನಲ್ಲಿ ಅರಬಿ ಮತ್ತು ಹಳೆ ಮಲಯಾಳ. ಸಾಮೂದಿರಿ ಪಳ್ಳಿಗೆ ಕೊಟ್ಟ ದಾನದ ದಾಖಲೆ. ನಮ್ಮ ಕಾಲದಲ್ಲಿ ಇಂಥದ್ದನ್ನು ಹೇಳಿದರೆ ಕೆಲವರಿಗೆ ಕಥೆಯ ಹಾಗೆ ಕೇಳುತ್ತದೆ. ಕಲ್ಲು ಅಲ್ಲೇ ಇದೆ.

ನಮಾಝ್ ಆದ ಮೇಲೆ ಚಙಾಯಿ ತುಂಬ ಹೊತ್ತು ಮಾಡಿನ ಕಡೆಗೇ ನೋಡುತ್ತಿದ್ದ. "ಸುಟ್ಟು ಹೋಗಿ ಅರುವತ್ತು ವರ್ಷ ಬಿಟ್ಟು ಮರ ಹುಡುಕಿ ತಂದಿದ್ದಾರೆ ನೋಡು" ಎಂದ. "ನಮ್ಮಲ್ಲಿ ನಾಲ್ಕು ಪಕ್ಕಾಸು ಒರಲೆ ಹಿಡಿದದ್ದಕ್ಕೆ ಜೆಸಿಬಿ ಕರೀತೇವೆ."

ಮಗ್ರಿಬ್ ಆದ ಮೇಲೆ ಒಂದು ಮನೆಗೆ ಚಹಾಕ್ಕೆ ಹೋಗುವುದಿತ್ತು. ದಮ್ಮಾಮಿನಲ್ಲಿ ಚಙಾಯಿಯ ಜೊತೆ ಒಂದೇ ರೂಮಿನಲ್ಲಿ ಒಂಬತ್ತು ವರ್ಷ ಇದ್ದವರ ಹೆಂಡತಿಯ ಮನೆ. ಹೆಂಡತಿಯ ಮನೆ ಎಂದದ್ದು ಸುಮ್ಮನೆ ಅಲ್ಲ. ಕುಟ್ಟಿಚ್ಚಿರದ ಕೋಯ ಕುಟುಂಬಗಳಲ್ಲಿ ಮನೆ ಹೆಣ್ಣುಮಕ್ಕಳದ್ದು. ಮದುವೆಯಾದ ಮೇಲೆ ಹುಡುಗಿ ಹೊರಗೆ ಹೋಗುವುದಿಲ್ಲ, ಹುಡುಗ ಬರುತ್ತಾನೆ. ಮದುವೆಯಾದ ಪ್ರತಿ ಹೆಣ್ಣಿಗೂ ಮನೆಯಲ್ಲಿ ಒಂದು 'ಅರ', ಅಂದರೆ ಕೋಣೆ. ಬಂದ ಅಳಿಯ ಪುದಿಯಾಪ್ಳ. ನಮ್ಮಲ್ಲಿ ಪುದಿಯಾಪ್ಳ ಎಂದರೆ ಮದುವೆಯ ನಾಲ್ಕು ದಿನದ ಹೆಸರು. ಇಲ್ಲಿ ಸಾಯುವವರೆಗೆ ಅದೇ. ಬಾಗಿಲಿಗೆ ಬಂದು ನಮ್ಮನ್ನು ಕರೆದ ಪುದಿಯಾಪ್ಳರಿಗೆ ಅರವತ್ತೇಳು ಪ್ರಾಯ, ಎರಡು ಮಂಡಿಗೂ ಪಟ್ಟಿ, ಮೊಮ್ಮಕ್ಕಳು ಏಳು.

ಮನೆಯ ಬಗ್ಗೆ ಏನು ಹೇಳುವುದು! ರಸ್ತೆಯಿಂದ ನೋಡಿದರೆ ಒಂದು ಗೋಡೆ, ಒಂದು ಬಾಗಿಲು. ಒಳಗೆ ಹೋದರೆ ಜಗಲಿ, ಅದರಲ್ಲಿ ಎತ್ತರದ ಮರದ ಕಟ್ಟೆ, ನಡುಮನೆ, ಅದರಾಚೆ ಇನ್ನೊಂದು ನಡುಮನೆ, ಕೋಣೆ ಕೋಣೆ ಕೋಣೆ. ಹಳೆ ತರವಾಡು ಮನೆಗಳಲ್ಲಿ ಐವತ್ತು, ನೂರು ಜನ ಒಟ್ಟಿಗೆ ಇದ್ದದ್ದೂ ಉಂಟು. ಪತ್ತಿರ್, ಉನ್ನಕ್ಕಾಯ, ಅಕ್ಕಿ ಹಿಟ್ಟು ತುಂಬಿಸಿದ ಕಲ್ಲುಮ್ಮಕ್ಕಾಯ (ನಮ್ಮ ಪಚ್ಚಿಲೆ) ತಟ್ಟೆ ತಟ್ಟೆಯಾಗಿ ಬಂದವು. ಪತ್ತಿರ್ ನಮ್ಮದಕ್ಕಿಂತ ತೆಳು. ಇಷ್ಟು ತೆಳು ಬೇಕಾ ಎಂಬುದು ಬೇರೆ ಪ್ರಶ್ನೆ, ಸಾರು ಹೀರಲು ನಮ್ಮದೇ ವಾಸಿ.

ಮನೆಯ ಹಿರಿಯ ಉಮ್ಮ ಎಂಬತ್ತು ದಾಟಿದವರು. ಅವರ ಮಲಯಾಳ, ನಮ್ಮ ಬ್ಯಾರಿ. ಪುದಿಯಾಪ್ಳರು ನಡುವೆ ಒಂದೆರಡು ಕಡೆ ಮಾತ್ರ ಕೈ ಹಾಕಬೇಕಾಯಿತು. ಮುಹಿಯುದ್ದೀನ್ ಮಾಲೆ ನಿಮ್ಮಲ್ಲಿ ಹಾಡ್ತಾರಾ ಎಂದು ಕೇಳಿದರು. ಇದೇ ಊರಿನ ಖಾಝಿ ಮುಹಮ್ಮದ್ 1607ರಲ್ಲಿ ಬರೆದದ್ದು. ಚಙಾಯಿಯ ಉಮ್ಮನಿಗೆ ಅದು ಬಾಯಿಪಾಠ ಇತ್ತು, ರಾತ್ರಿ ದೀಪ ಹಚ್ಚಿ ಹಾಡುತ್ತಿದ್ದದ್ದನ್ನು ನಾವೂ ಎಳವೆಯಲ್ಲಿ ಆ ಉಪ್ಪರಿಗೆಯಲ್ಲೇ ಕೇಳಿದ್ದೇವೆ. ಚಙಾಯಿ ಇದನ್ನು ಹೇಳಿದ. ಹೇಳುತ್ತಾ ಹೇಳುತ್ತಾ ಮನೆ ಮಾರುವ ವಿಷಯವೂ ಬಾಯಿಂದ ಬಂತು.

ಆ ಉಮ್ಮ ಉಪದೇಶ ಮಾಡಲಿಲ್ಲ. ತಮ್ಮ ಮನೆಯ ಲೆಕ್ಕ ಹೇಳಿದರು. ತಾವು ಮದುವೆಯಾದಾಗ ಮನೆಯಲ್ಲಿ ಅರುವತ್ತಕ್ಕೂ ಹೆಚ್ಚು ಜನ, ಈಗ ಹನ್ನೊಂದು. ಉಪ್ಪರಿಗೆಯ ಅರ್ಧ ಬೀಗ ಹಾಕಿದೆ. 1939ರ ಮಾಪಿಳ್ಳ ಮರುಮಕ್ಕತ್ತಾಯಂ ಕಾನೂನು ಬಂದ ಮೇಲೆ ತರವಾಡಿನಲ್ಲಿ ಪಾಲು ಕೇಳುವ ಹಕ್ಕು ಬಂತು. ಈ ಬೀದಿಯ ಎಷ್ಟೋ ಮನೆ ಎರಡಾಯಿತು, ನಾಲ್ಕಾಯಿತು, ಕೆಲವು ನೆಲಸಮ ಆಯಿತು. ಇವರ ಮನೆಯಲ್ಲೂ ಒಬ್ಬ ತಂಗಿಯ ಮಕ್ಕಳು ಪಾಲು ತೆಗೆದುಕೊಂಡರು, ಹಿಂದಿನ ಭಾಗಕ್ಕೆ ಗೋಡೆ ಬಿತ್ತು. ಜಗಳ ಆಗಿದೆ, ಮಾತು ಬಿಟ್ಟದ್ದೂ ಆಗಿದೆ. ಪ್ರತಿ ವರ್ಷ ಮಳೆಗೆ ಮೊದಲು ಮಾಡು ಹತ್ತಿಸುವ ಖರ್ಚನ್ನು ಈಗ ಆರು ಹೆಣ್ಣುಮಕ್ಕಳು ಹಂಚಿಕೊಳ್ಳುತ್ತಾರೆ, ಅದರಲ್ಲಿ ಇಬ್ಬರು ಕೊಡಲು ತಡ ಮಾಡುತ್ತಾರೆ.

ಎಲ್ಲ ಹೇಳಿ ಮುಗಿಸಿ ಚಙಾಯಿಯನ್ನು ಒಂದೇ ಪ್ರಶ್ನೆ ಕೇಳಿದರು: "ಮನೆಯಲ್ಲಿ ಇರುವ ಹೆಣ್ಣು ಎಂತ ಹೇಳ್ತಾಳೆ?"

ಚಙಾಯಿ ಚಹಾದ ಗ್ಲಾಸು ಕೆಳಗಿಟ್ಟ. ಕೇಳಿಲ್ಲ ಎಂದು ಹೇಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಇಲ್ಲಿ ಓದುಗರಿಗೆ ಒಂದು ಮಾತು. ತಾಯಿ ಕಡೆಯಿಂದ ಆಸ್ತಿ ಹೋಗುವ ಈ ಕ್ರಮದ ಬಗ್ಗೆ ಉಲಮಾಗಳ ನಡುವೆ ಹಿಂದಿನಿಂದಲೂ ಚರ್ಚೆ ಇದೆ. ಸ್ವಂತ ದುಡಿಮೆಯದ್ದು ಶರೀಅತ್‌ನಂತೆ ಪಾಲಾಗುತ್ತದೆ, ತರವಾಡು ಮನೆ ಮಾತ್ರ ಹೆಣ್ಣಿನ ಬಳ್ಳಿಯಲ್ಲಿ ಉಳಿಯುತ್ತದೆ ಎಂದು ಅವರು ಸಮಾಧಾನ ಹೇಳುತ್ತಾರೆ. ಸರಿ ತಪ್ಪು ಹೇಳುವುದು ನಮ್ಮ ಕೆಲಸ ಅಲ್ಲ. ಆದರೆ ಶರೀಅತ್ ಪ್ರಕಾರ ಹೆಣ್ಣಿಗೆ ಬರಬೇಕಾದ ಪಾಲು ಬರಿ ಕಾಗದದ ಮೇಲೆ ಬಂದು, ಸಹಿಯ ದಿನ ಅವಳ ಎದುರು ಪೆನ್ನು ಮಾತ್ರ ಹಿಡಿಯುವ ಮನೆಗಳು ನಮ್ಮಲ್ಲಿ ಎಷ್ಟಿವೆ ಎಂದು ನಮಗೂ ಗೊತ್ತು, ನಿಮಗೂ ಗೊತ್ತು.

ರಾತ್ರಿ ಮಿಠಾಯಿ ತೆರುವಿನಲ್ಲಿ ಒಂದು ಸುತ್ತು ಹಾಕಿದೆವು. ಬಣ್ಣ ಬಣ್ಣದ ಹಲ್ವದ ಗುಡ್ಡೆಗಳು, ತೆಂಗಿನೆಣ್ಣೆಯಲ್ಲಿ ಕರಿಯುವ ನೇಂದ್ರ ಚಿಪ್ಸ್. ಹಲ್ವವನ್ನು ಕಂಡ ಇಂಗ್ಲಿಷರು ಸ್ವೀಟ್‌ಮೀಟ್ ಎಂದು ಕರೆದು, ಬೀದಿಗೆ ಎಸ್.ಎಂ. ಸ್ಟ್ರೀಟ್ ಎಂದೇ ಹೆಸರಾಯಿತು. ಈಗ ಅಲ್ಲಿ ಸಂಜೆ ವಾಹನ ಬಿಡುವುದಿಲ್ಲ, ಮಕ್ಕಳನ್ನು ಕರಕೊಂಡು ನಡೆಯಬಹುದು. 2023ರಲ್ಲಿ ಯುನೆಸ್ಕೋ ಕಲ್ಲಿಕೋಟೆಯನ್ನು ಸಾಹಿತ್ಯದ ನಗರವೆಂದು ಘೋಷಿಸಿತು, ಭಾರತದಲ್ಲಿ ಈ ಹೆಸರು ಪಡೆದ ಮೊದಲ ಊರು. ಚಙಾಯಿ ಏನೂ ಕೊಳ್ಳಲಿಲ್ಲ, ಏನೂ ಮಾತಾಡಲಿಲ್ಲ.

ಮರುದಿನ ಬೇಪೂರ್. ಊರಿನಿಂದ ಹತ್ತು ಹನ್ನೊಂದು ಕಿ.ಮೀ., ಬಸ್ಸು ಬೇಕಾದಷ್ಟು. ಚಾಲಿಯಾರ್ ಹೊಳೆ ಕಡಲಿಗೆ ಸೇರುವ ಜಾಗ. ಇಲ್ಲಿ ಇನ್ನೂ ಕೈಯಿಂದಲೇ ಮರದ 'ಉರು' ಕಟ್ಟುತ್ತಾರೆ. ಹೊಳೆ ಬದಿಯ ಶೆಡ್ಡಿನಲ್ಲಿ ಒಂದು ಉರು ಅರ್ಧ ಆಗಿ ನಿಂತಿತ್ತು. ಎರಡಂತಸ್ತಿನ ಮನೆಯಷ್ಟು ಎತ್ತರ. ನಕ್ಷೆ ಕಾಗದದಲ್ಲಿ ಇರುವುದಿಲ್ಲ, ಮೇಸ್ತ್ರಿಯ ತಲೆಯಲ್ಲಿ ಇರುತ್ತದೆ. ಹಿಂದೆ ನಿಲಂಬೂರಿನ ತೇಗ ಇದೇ ಹೊಳೆಯಲ್ಲಿ ತೇಲಿ ಬರುತ್ತಿತ್ತು. ಕೊಂಡುಕೊಳ್ಳುವವರು ಹೆಚ್ಚಾಗಿ ಗಲ್ಫಿನವರು. ಕಟ್ಟಿ ಮುಗಿದ ಮೇಲೆ ನೀರಿಗೆ ಇಳಿಸುವ ಕೆಲಸ ಖಲಾಸಿಗಳದ್ದು; ಹಗ್ಗ, ಮರದ ದಿಮ್ಮಿ, ರಾಟೆ, ಮತ್ತು ಒಟ್ಟಿಗೆ ಹಾಡಿ ಎಳೆಯುವ ದಂಡು. ಹೊಳೆಯಲ್ಲಿ ನಿಂತ ಇತರ ಹಡಗುಗಳಲ್ಲಿ ಲಕ್ಷದ್ವೀಪಕ್ಕೆ ಹೋಗುವ ಸಾಮಾನು ಏರುತ್ತಿತ್ತು: ಸಿಮೆಂಟು, ತರಕಾರಿ, ಜಲ್ಲಿ. ನಮ್ಮ ಹಳೆ ಬಂದರಿನ ದಕ್ಕೆಯಿಂದಲೂ ಮಂಜಿಗಳು ಇದೇ ಸಾಮಾನು ಹೊತ್ತು ಅದೇ ದ್ವೀಪಗಳಿಗೆ ಹೋಗುತ್ತವೆ. ದ್ವೀಪದವರಿಗೆ ಎರಡು ಊರೂ ಅಂಗಡಿಯೇ.

ವೈಕಂ ಮುಹಮ್ಮದ್ ಬಷೀರ್ ಬೇಪೂರಿನಲ್ಲೇ ಇದ್ದವರು, 1994ರಲ್ಲಿ ಇಲ್ಲೇ ತೀರಿಹೋದರು. ಅವರು ಕೂತು ಬರೆಯುತ್ತಿದ್ದ ಮಾಂಗೋಸ್ಟಿನ್ ಮರದ ಹೆಸರು ಕೇಳದ ಮಲಯಾಳಿ ಇಲ್ಲ. ಅವರ ಕಥೆಗಳು ಕನ್ನಡಕ್ಕೂ ಬಂದಿವೆ. ಮನೆ ತುಂಬ ಜನ, ಆಡು, ಮಕ್ಕಳು, ಗಲಾಟೆ, ಅದರ ನಡುವೆ ಬರೆಯಲು ಕೂತ ಒಬ್ಬ ಮನುಷ್ಯ. ನಮ್ಮ ಮನೆಗಳಲ್ಲಿ ಓದಬೇಕಾದ ಪುಸ್ತಕಗಳು. ಬಸ್ಸು ಹಾದುಹೋಗುವ ಕಡೆಗೇ ಫರೋಕ್ ಕೂಡ ಸಿಗುತ್ತದೆ. ಟಿಪ್ಪು ಸುಲ್ತಾನ್ ಇಟ್ಟ ಫರೂಖಾಬಾದ್ ಎಂಬ ಹೆಸರು ಸವೆದು ಫರೋಕ್ ಆದದ್ದು. ಹೆಂಚಿಗೆ ಹೆಸರಾದ ಊರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿ ಆಮೇಲೆ ಈ ಕಡೆಗೂ ಹಬ್ಬಿಸಿದರು. ಮಣ್ಣು ಬೇರೆ, ಅಚ್ಚು ನಮ್ಮೂರಿನದ್ದು.

ಬೇಪೂರಿನಿಂದ ಹೊಳೆಯ ಆಚೆ ದಡವೇ ಚಾಲಿಯಂ. ಜಂಕಾರ್‌ನಲ್ಲಿ ಬೈಕು, ಕಾರು, ಮೀನಿನ ಬುಟ್ಟಿ, ಜನ, ಎಲ್ಲ ಒಟ್ಟಿಗೆ ದಾಟುತ್ತಾರೆ. ಕೇರಳದ ಮೊದಲ ರೈಲು 1861ರಲ್ಲಿ ತಿರೂರಿನಿಂದ ಈ ದಡದವರೆಗೆ ಬಂತು. ಆ ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಈಗ ಚಾಲಿಯಂನಲ್ಲಿ ರೈಲೂ ಇಲ್ಲ, ಪೋರ್ಚುಗೀಸರ ಕೋಟೆಯೂ ಇಲ್ಲ. ನಲವತ್ತು ವರ್ಷ ಕಡಲಿಗೆ ಕಾವಲು ಕೂತ ಕೋಟೆಯ ಜಾಗದಲ್ಲಿ ನೋಡಲು ಏನೂ ಉಳಿದಿಲ್ಲ. ದೀಪಸ್ತಂಭ ಉಂಟು, ಮೀನು ಒಣಗಿಸುವವರಿದ್ದಾರೆ. ನಿನ್ನೆ ಪಳ್ಳಿಯಲ್ಲಿ ಕಂಡ ಮರ ಇಲ್ಲಿಂದ ಹೋದದ್ದು ಎಂದು ಎಣಿಸಿಕೊಂಡು ಸ್ವಲ್ಪ ಹೊತ್ತು ನಿಂತೆವು.

ಚಙಾಯಿ ಅಲ್ಲಿ ಒಂದು ದೋಣಿಯ ನೆರಳಿನಲ್ಲಿ ಕೂತು ತಾತನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ; ಅವನಿಗೆ ಕಿವಿ ಸ್ವಲ್ಪ ಮಂದ. ತಾತ ಮೀನು ಕೊಯ್ಯುತ್ತಿದ್ದರು. ಕಲ್ಲಿಕೋಟೆಯಲ್ಲಿ ಬಿಸಿಲು ಹೇಗೆ, ಶುಗರಿನ ಮಾತ್ರೆ ತಕೊಂಡ್ಯಾ, ಜೊತೆಗಿರುವವ ಸರಿ ಊಟ ಮಾಡ್ತಾನಾ ಎಂದೆಲ್ಲ ಕೇಳಿದರು. ಆಮೇಲೆ ಇವನು ಕೇಳಿದ. ಮನೆ ವಿಷಯದಲ್ಲಿ ನಿಮಗೆ ಎಂತ ಅನಿಸ್ತದೆ ತಾತ?

ಆ ಕಡೆ ನೀರು ಚೆಲ್ಲುವ ಸದ್ದು ನಿಂತಿತು.

"ಮಾಡು ಸೋರಿ ನಾಲ್ಕು ವರ್ಷ ಆಯ್ತು. ಸರಿ ಮಾಡ್ಲಿಕ್ಕೆ ಒಬ್ಬ ಬರ್ಲಿಲ್ಲ. ಮಾರ್ಲಿಕ್ಕೆ ನಾಲ್ಕು ಜನವೂ ಬಂದ್ರಿ" ಎಂದರು. ಕೋಪದ ಸ್ವರ ಅಲ್ಲ. ಬಾವಿಯ ನೀರು ಒಳ್ಳೆಯದುಂಟು ಎಂದು ಹೇಳುವ ಸ್ವರ.

ನಾವು ಎಣಿಸಿದ್ದು, ತಾತ ಹಳೆ ಮನೆಯನ್ನು ಬಿಡಲಾರೆ ಎಂದು ಅಳುತ್ತಾರೆ ಎಂದು. ಅವರು ಹಾಗೇನೂ ಹೇಳಲಿಲ್ಲ. ಉಪ್ಪರಿಗೆ ಹತ್ತದೆ ಎರಡು ವರ್ಷ ಆಯಿತು, ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹಿಂದಿನ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ, ರಾತ್ರಿ ಹೆದರಿಕೆಯಾಗುತ್ತದೆ. ಮಾರುವುದಾದರೆ ಮಾರಿ. ಆದರೆ ಬಂದರು ಬಿಟ್ಟು ದೂರದ ಫ್ಲ್ಯಾಟಿಗೆ ತಾನು ಬರುವುದಿಲ್ಲ. ಬಾಂಗ್ ಕೇಳಬೇಕು, ಮೀನಿನವಳು ಬಾಗಿಲಿಗೆ ಬರಬೇಕು, ಸತ್ತರೆ ಮಯ್ಯಿತ್ತಿಗೆ ನಾಲ್ಕು ನೆರೆಕರೆಯವರು ನಡೆದುಕೊಂಡು ಬರಬೇಕು. ಮತ್ತೆ, ತನ್ನ ಪಾಲಿನ ಹಣ ತನ್ನ ಹೆಸರಿನ ಬ್ಯಾಂಕಿಗೇ ಬರಬೇಕು, ಯಾರ ಮೂಲಕವೂ ಬೇಡ. ಇದನ್ನು ಎರಡು ಸಲ ಹೇಳಿದರು.

"ಇಷ್ಟು ವಿಷಯ ಯಾಕೆ ಮೊದ್ಲೇ ಹೇಳ್ಲಿಲ್ಲ ತಾತ?"

"ನೀನು ಈಗಲ್ಲವಾ ಕೇಳಿದ್ದು" ಎಂದು, ಬರುವಾಗ ಕಪ್ಪು ಹಲ್ವ ತರಬೇಕು, ಕೆಂಪು ಬೇಡ, ಅದು ಹಲ್ಲಿಗೆ ಹಿಡಿಯುತ್ತದೆ ಎಂದು ಫೋನ್ ಇಟ್ಟರು.

ಹೋಗುವವರಿಗೆ ಒಂದೆರಡು ವಿಷಯ. ಕುಟ್ಟಿಚ್ಚಿರಕ್ಕೆ ಸಂಜೆಯೇ ಹೋಗಿ, ಶುಕ್ರವಾರ ಮಧ್ಯಾಹ್ನ ತುಂಬ ರಶ್. ಮನೆಗಳು ಜನ ವಾಸ ಇರುವ ಮನೆಗಳು, ಬಾಗಿಲಿನಲ್ಲಿ ನಿಂತು ಫೋಟೋ ತೆಗೆಯಬೇಡಿ. ಪರಿಚಯದವರು ಇದ್ದರೆ ಮಾತ್ರ ಒಳಗೆ. ಬೇಪೂರಿನ ಉರು ಶೆಡ್ಡಿನಲ್ಲಿ ಕೇಳಿ ಹೋಗಿ, ಮರದ ತುಂಡು ಕಾಲಿಗೆ ಚುಚ್ಚುತ್ತದೆ, ಗಟ್ಟಿ ಚಪ್ಪಲಿ ಇರಲಿ. ಹೆಂಗಸರು ಮಕ್ಕಳ ಜೊತೆ ಹೋದರೆ ಒಂದು ರಾತ್ರಿ ಉಳಿಯುವ ಹಾಗೆ ಹೋಗಿ. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಹಲ್ವ ಮಾತ್ರ ಸಿಗುತ್ತದೆ.

ನಾವು ಇದನ್ನು ಬರೆಯುವ ಹೊತ್ತಿಗೆ ಚಙಾಯಿಯ ಸಹಿ ಬಿದ್ದಿಲ್ಲ. ಬೆಂಗಳೂರಿನ ತಮ್ಮ ಫೋನ್ ಎತ್ತುತ್ತಿಲ್ಲ. ಜುಬೈಲಿನಲ್ಲಿರುವವನು, ತಾತನಿಗೆ ಬಂದರಿನಲ್ಲೇ ನೆಲಮಾಳಿಗೆಯ ಮೇಲಿನ ಮೊದಲ ಮಹಡಿ ಕೊಡುವುದಾದರೆ ಬಿಲ್ಡರ್ ಹತ್ತಿರ ಮತ್ತೆ ಮಾತಾಡುವ ಎಂದಿದ್ದಾನೆ. ಮೂರನೆಯವನು ಎರಡೂ ಕಡೆ ಹೂಂ ಎನ್ನುತ್ತಾನೆ. ಮೊನ್ನೆ ಆ ಓಣಿಯಲ್ಲಿ ಹೋಗುವಾಗ ಕಂಡದ್ದು: ಮಾಡಿನ ಮೇಲೆ ಇಬ್ಬರು ಆಳು, ಕೆಳಗೆ ಹೆಂಚಿನ ರಾಶಿ, ಏಣಿ ಹಿಡಿದುಕೊಂಡು ಚಙಾಯಿ. ಮಾರಿದರೂ ಮಾರದಿದ್ದರೂ ಈ ಮಳೆಗಾಲ ಕಳೆಯಬೇಕಲ್ಲ ಎಂದ. ಜಗಲಿಯಲ್ಲಿ ಕೂತ ತಾತ ಒಳಗೆ ಕರೆದು ಸುಲೈಮಾನಿ ಕೊಟ್ಟರು, ಜೊತೆಗೆ ಕಪ್ಪು ಹಲ್ವದ ಕೊನೆಯ ತುಂಡು.